ಮಷೀನಿಗೆ ಉಡಿ ತುಂಬಿದ ಅತ್ತೆ

ನಮ್ಮ ನೀಲಮ್ಮತ್ತೆ ಒಂದೇ ಕೈಗೆ ಬಳೆ ಇಡುತ್ತಿದ್ದಳು. ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈ ಬೋಳು. ಹೊಸಬರು ಯಾರೇ ಮನೆಗೆ ಬಂದರೂ ಮೊದಲು ಅವರ ಕಣ್ಣು ಹೋಗುತ್ತಿದ್ದುದು ಆ ಕೈಗಳ ಮೇಲೆ. ಕೆಲವರು ಬಾಯಿಬಿಟ್ಟು ಕೇಳಿಯೂ ಬಿಡುತ್ತಿದ್ದರು. ಅತ್ತೆ ಸಿಟ್ಟಾಗುತ್ತಿರಲಿಲ್ಲ. "ಒಂದ ಕೈ ಅವರು ಇದ್ದಾರಂತದ, ಒಂದ ಕೈ ಇಲ್ಲಂತದ. ಈ ಎರಡರ ಜಗಳ ನನಗ ಬಗೀಹರಸ್ಲಿಕ್ಕ ಆಗಿಲ್ಲ ನೋಡವ್ವ" ಎಂದು ನಗುತ್ತಿದ್ದಳು. ಕೇಳಿದವರು ಆಮೇಲೆ ಮಳೆ ಬೆಳೆಯ ಮಾತು ತೆಗೆಯುತ್ತಿದ್ದರು.

ಅತ್ತೆ ನನ್ನ ಅಪ್ಪನ ತಂಗಿ. ಅವಳನ್ನು ಭಾಲ್ಕಿ ತಾಲೂಕಿನ ಸಾಯಗಾಂವಕ್ಕೆ ಕೊಟ್ಟಿದ್ದರು. ಗಂಡನ ಮನೆಯ ಒಲೆ ಇನ್ನೂ ಅವಳ ಕೈಗೆ ಹೊಂದಿಕೊಂಡಿರಲಿಲ್ಲ, ಅಷ್ಟರಲ್ಲಿ ಹೈದರಾಬಾದ್ ಸಂಸ್ಥಾನದ ಕೊನೆಗಾಲದ ಗದ್ದಲ ಶುರುವಾಯಿತು. ರಜಾಕಾರರ ಭಯಕ್ಕೆ ಊರಿಗೆ ಊರೇ ಗಂಟು ಕಟ್ಟಿಕೊಂಡು ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುತ್ತಿತ್ತಂತೆ. ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿದ್ದ ತನ್ನ ಅಕ್ಕನನ್ನು ಕರೆದುಕೊಂಡು ಬರುತ್ತೇನೆಂದು ಅತ್ತೆಯ ಗಂಡ ಒಂದು ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಹೊರಟ. ಅಕ್ಕ ಬೇರೆ ಯಾರದೋ ಗಾಡಿಯಲ್ಲಿ ಬಂದು ಸೇರಿದಳು. ಅವನು ಅವಳ ಊರನ್ನು ಮುಟ್ಟಿಯೇ ಇರಲಿಲ್ಲ. ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ದಂಡು ಬಂತು, ಸಂಸ್ಥಾನ ಹೋಯಿತು, ಓಡಿಹೋದವರು ತಿರುಗಿ ಬಂದು ಬಿದ್ದ ಬಾಗಿಲುಗಳನ್ನು ಎತ್ತಿ ನಿಲ್ಲಿಸಿಕೊಂಡರು. ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ.

ಕೆಲವು ವರ್ಷ ಕಾದು ಸಾಯಗಾಂವದವರು ಕ್ರಿಯಾಕರ್ಮ ಮಾಡಿ ಮುಗಿಸೋಣ ಎಂದರು. ಅತ್ತೆ ಒಪ್ಪಲಿಲ್ಲ. "ಕಣ್ಣೀಲೆ ನೋಡಲಾರದ ಹೆಣಕ್ಕ ನಾ ಅಳಂಗಿಲ್ಲ" ಎಂದಳಂತೆ. ಆ ಒಂದು ಮಾತಿಗೆ ಅವಳು ಬೀದರದ ತವರಿಗೆ ಬಂದು ಬಿದ್ದಳು. ಅಪ್ಪ ಅವಳಿಗೆ ಅನ್ನ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಅವಳು ಮುತ್ತೈದೆಯೋ ವಿಧವೆಯೋ ಎಂಬುದನ್ನು ಮಾತ್ರ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಶರಣರ ವಚನಗಳನ್ನು ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ ಮನೆ ನಮ್ಮದು. ಆ ಗೋಡೆಯ ಕೆಳಗೇ ಮುತ್ತೈದೆಯರನ್ನು ಸಾಲಾಗಿ ಕೂಡಿಸಿ ಉಡಿ ತುಂಬುತ್ತಿದ್ದರು. ಸೆರಗು ಒಡ್ಡಿದವಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು, ಕುಪ್ಪಸದ ಖಣ ಬೀಳುವಾಗ ಎಲ್ಲರ ಮುಖದಲ್ಲೂ ಒಂದು ಬಗೆಯ ಬೆಳಕು ಇರುತ್ತಿತ್ತು. ಅತ್ತೆಗೆ ಯಾರೂ ತುಂಬುತ್ತಿರಲಿಲ್ಲ. ತುಂಬೆಂದು ಅವಳನ್ನು ಕರೆಯುತ್ತಲೂ ಇರಲಿಲ್ಲ. ಬೇಡ ಎಂದು ಹೇಳಿದವರೂ ಇಲ್ಲ. ನಮ್ಮ ಮಂದಿ ಇಂಥದ್ದರಲ್ಲಿ ಬಲು ಜಾಣರು, ಬಾಯಿ ಮುಚ್ಚಿಕೊಂಡೇ ಎಲ್ಲವನ್ನೂ ಮಾಡಿ ಮುಗಿಸುತ್ತಾರೆ.

ಹೆಂಗಸರು ನೆರೆಯುವ ಸುಳಿವು ಸಿಕ್ಕರೆ ಸಾಕು, ಅತ್ತೆ ಮೈಲಿಗೆ ಬಟ್ಟೆಯ ಗಂಟು ಎತ್ತಿಕೊಂಡು ಹಿತ್ತಲ ಬಾವಿಗೆ ನಡೆಯುತ್ತಿದ್ದಳು. ಒಗೆಯುವುದು ಇದ್ದವಳನ್ನು ಪಡಸಾಲೆಗೆ ಕರೆಯುವ ಪ್ರಮೇಯವೇ ಬರುವುದಿಲ್ಲವಲ್ಲ. ಹಾಗೆ ಹೋಗಿ ಹೋಗಿ ಇಡೀ ಮನೆಯ ಬಟ್ಟೆ ಅವಳ ಪಾಲಿಗೆ ಬಂತು. ಒಗೆಯುವಾಗ ಬಟ್ಟೆಗಳ ಜೊತೆ ಮಾತಾಡುವುದು ಅವಳ ರೂಢಿ. ಎದುರಿಗೆ ಆಡಲಾರದ ಮಾತನ್ನೆಲ್ಲ ಅಂಗಿ ಧೋತರಗಳಿಗೆ ಆಡುತ್ತಿದ್ದಳು. ಅಪ್ಪನ ಧೋತರ ಕೈಗೆ ಬಂದರೆ "ಅಣ್ಣಾ, ದೊಡ್ಡಾಂವ ಆಗಿದಿ, ಎಲ್ಲಿ ಬೇಕಲ್ಲಿ ಕುಂದುರ್ತಿ ಅಲ್ಲಪಾ" ಎಂದು ಕಲ್ಲಿಗೆ ಬಡಿಯುವಳು. ಅವ್ವನ ಸೀರೆಗೆ "ವೈನಿ, ಎಷ್ಟು ಎಣ್ಣಿ ಸುರೀತಿರಿ ಅಡಗಿಗೆ!" ನನ್ನ ಅಂಗಿಗೆ ಯಾವಾಗಲೂ ಒಂದೇ ಮಾತು: "ತಮ್ಮಾ, ಹೆಂಡ್ತಿ ಮಾತು ಒಂದೀಟು ಕೇಳು." ನಾನು ಬಾವಿಕಟ್ಟೆಯ ಈಚೆ ನಿಂತು ಇದನ್ನು ಕೇಳಿಸಿಕೊಂಡು ನಗುತ್ತಿದ್ದೆ. ಇಷ್ಟು ಮಂದಿ ಇರುವ ಮನೆಯಲ್ಲಿ ಅವಳಿಗೆ ಮಾತಾಡಲು ಸಿಕ್ಕಿದ್ದು ಬಟ್ಟೆ ಮಾತ್ರ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಎಷ್ಟೋ ವರ್ಷಗಳ ಮೇಲಿನ ಮಾತು. ನನ್ನ ಹೆಂಡತಿ ಶಾಂತಾ ಸರಕಾರಿ ದವಾಖಾನೆಯಲ್ಲಿ ನರ್ಸ್, ತಮ್ಮನ ಹೆಂಡತಿ ಸಾಲಿಯಲ್ಲಿ ಟೀಚರ್. ಮಕ್ಕಳು ಮರಿ ಸೇರಿ ಮನೆ ಬೆಳಗಾದರೆ ಬಸ್ ಸ್ಟ್ಯಾಂಡಿನಂತೆ ಇರುತ್ತಿತ್ತು. ಅತ್ತೆಯ ಸೊಂಟ ಬಾಗಿತ್ತು, ಸೋಡಾ ಸೋಪಿಗೆ ಬೆರಳ ಸಂದಿಗಳು ಒಡೆದು ಕೆಂಪಾಗಿದ್ದವು. ಶಾಂತಾ ಒಂದು ದಿನ ಆ ಬೆರಳುಗಳಿಗೆ ಮುಲಾಮು ಹಚ್ಚಿ ಎದ್ದವಳೇ "ಈ ಮನ್ಯಾಗ ಮಷೀನ್ ಬರಬೇಕು ರೀ. ಇಲ್ಲಂದ್ರ ನಾಳಿಂದ ಬಟ್ಟಿ ನೀವು ಒಗೀರಿ" ಎಂದಳು. ಮಷೀನು ತರುವುದೇ ವಾಸಿ ಎಂದು ನನಗೂ ತಮ್ಮನಿಗೂ ತಕ್ಷಣ ಅನ್ನಿಸಿತು.

ಟೆಂಪೋದಲ್ಲಿ ಮಷೀನು ಬಂದಾಗ ಓಣಿಯ ಹುಡುಗರೆಲ್ಲ ಹಿಂದೆ ಓಡಿ ಬಂದರು. ಕೂರಿಸಲು ಬಂದವನು ಗಫೂರ್‌ಭಾಯಿ, ನಲವತ್ತು ದಾಟಿದ ಸಾವಧಾನದ ಮನುಷ್ಯ. ನೀರು ಬಚ್ಚಲಿಗೆ ಸಲೀಸಾಗಿ ಹರಿಯಲೆಂದು ಕೆಳಗೆ ಕಲ್ಲು ಹಾಸಿಸಿ ಮಷೀನನ್ನು ಎತ್ತರಕ್ಕೆ ಇಡಿಸಿದ. ಒಗೆಯುವುದಕ್ಕೊಂದು, ಹಿಂಡುವುದಕ್ಕೊಂದು ಎರಡು ಡಬ್ಬಿ. ಅತ್ತೆ ಬಾಗಿಲ ಮರೆಯಿಂದ ಎಲ್ಲವನ್ನೂ ನೋಡುತ್ತಿದ್ದಳು.

"ಇದು ಬಟ್ಟಿ ಜೋಡಿ ಮಾತಾಡ್ತದೇನೋ ತಮ್ಮಾ?" ಎಂದು ನನ್ನನ್ನು ಕೇಳಿದಳು.

"ಗುಂಯ್ ಅಂತದ, ಅಷ್ಟ."

"ಮತ್ತ ನಾ ಇನ್ನ ಎಲ್ಲಿ ಹೋಗ್ಲಿ?"

ನಾನು ಅದನ್ನು ಕೆಲಸ ಹೋದವರ ಸಂಕಟ ಎಂದುಕೊಂಡೆ. "ಎಲ್ಲಿಗೂ ಹೋಗಬ್ಯಾಡ, ಆರಾಮ ಕುಂದ್ರು" ಎಂದೆ.

ಅವ್ವ ಮಷೀನಿಗೆ ವಿಭೂತಿ ಬಳಿದಳು, ಕುಂಕುಮ ಇಟ್ಟಳು. ಪಕ್ಕದ ಮನೆಯ ಹೆಂಗಸರನ್ನು ಕರೆದು ಆರತಿ ಬೆಳಗಿಸಿದಳು. ಯಾರೋ "ಹೊಸ ಸೊಸಿ ಬಂದಂಗ ಆಯ್ತು ನೋಡ್ರಿ" ಎಂದರು, ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು, ಬಾಗಿಲ ಮರೆಯಲ್ಲಿ ನಿಂತೇ.

ಮರುದಿನ ಬೆಳಿಗ್ಗೆ ಶಾಂತಾಳಿಗೆ ಡ್ಯೂಟಿಗೆ ಹೊತ್ತಾಗಿತ್ತು. ಮುಚ್ಚಳ ತೆಗೆದು, ಒಳಗೆ ನೋಡದೆ ತನ್ನ ಬಿಳಿ ಸೀರೆ, ಮಕ್ಕಳ ಸಾಲಿ ಅಂಗಿ, ಅಪ್ಪನ ಧೋತರ ಎಲ್ಲವನ್ನೂ ತುರುಕಿ, ನೀರು ಬಿಟ್ಟು, ಸೋಪಿನ ಪುಡಿ ಸುರಿದು ಗುಂಡಿ ತಿರುವಿದಳು. ಸ್ವಲ್ಪ ಹೊತ್ತಿನಲ್ಲಿ ಮಷೀನು ಗರಗರ ಎಂದು ಸಪ್ಪಳ ಮಾಡಿತು. ಮುಚ್ಚಳ ತೆಗೆದರೆ ಒಳಗೆ ಹೋಳಿ ಹುಣ್ಣಿಮೆ. ಅರಿಶಿನ ಸೋಪಿಗೆ ಬಿದ್ದು ಕೆಂಪಾಗಿತ್ತು, ಎಲ್ಲಿಂದಲೋ ಬಂದ ಒಂದು ಕೆಂಪು ಖಣ ತನ್ನ ಬಣ್ಣವನ್ನೆಲ್ಲ ಬಿಟ್ಟುಕೊಟ್ಟಿತ್ತು, ಊದಿದ ಉತ್ತತ್ತಿಗಳು ನೀರಿನಲ್ಲಿ ಸುತ್ತುತ್ತಿದ್ದವು. ಕೊಬ್ಬರಿ ಬಟ್ಟಲೊಂದು ದೋಣಿಯಾಗಿತ್ತು. ಅಪ್ಪ ತನ್ನ ಧೋತರ ಎತ್ತಿ ಹಿಡಿದು "ಈ ವಯಸ್ಸಿನ್ಯಾಗ ನನ್ನ ಮದುವಿ ಗಂಡ ಮಾಡೀರಿ" ಎಂದ. ಶಾಂತಾ ನಗುವ ಸ್ಥಿತಿಯಲ್ಲಿ ಇರಲಿಲ್ಲ. "ಯಾರ ಕೆಲಸ ಇದು?" ಎಂದು ಮಕ್ಕಳ ಮೇಲೆ ಹರಿಹಾಯ್ದಳು. ಅತ್ತೆ ಬಣ್ಣ ಹತ್ತಿದ ಬಟ್ಟೆಗಳನ್ನು ಎತ್ತಿಕೊಂಡು ಬಾವಿಯ ಕಡೆ ನಡೆದಳು. ಅಂದು ಬಟ್ಟೆಗಳಿಗೂ ಅವಳು ಏನೂ ಹೇಳಲಿಲ್ಲ.

ಸಂಜೆ ಗಫೂರ್‌ಭಾಯಿ ಬಂದು ಪೈಪು ಬಿಚ್ಚಿದ. ನೀರು ಹೋಗುವ ದಾರಿಯ ತುಂಬ ಅಕ್ಕಿ. ಅವನು ಅದನ್ನು ಕಾಲಲ್ಲಿ ತುಳಿಯದ ಹಾಗೆ ಒಂದು ಕಾಗದದ ಮೇಲೆ ಬಳಿದಿಟ್ಟು, "ಯಾರು ಹಾಕಿದ್ರು ಇದನ್ನ?" ಎಂದು ಕೇಳಿದ.

"ನಾನ ಹಾಕೀನಪ್ಪ" ಎಂದಳು ಅತ್ತೆ. ಎಲ್ಲರೂ ಅವಳತ್ತ ತಿರುಗಿದೆವು. ಅವಳು ನೋಡುತ್ತಿದ್ದುದು ಶಾಂತಾಳನ್ನು. "ಹೊಸ್ತಾಗಿ ಮನಿಗಿ ಬಂದದ ಅಂತ ಉಡಿ ತುಂಬಿದ್ನೆವ್ವ. ಮನಷ್ಯಾರಿಗಿ ತುಂಬಬೇಕಂದ್ರ ನನ್ನ ಕೈ ನಡಿಯಂಗಿಲ್ಲ. ಇದಕ್ಕ ತುಂಬಿದ್ರ ಯಾರೂ ಬ್ಯಾಡ ಅನ್ನಂಗಿಲ್ಲ ಅಂದ್ಕೊಂಡೆ. ನೀ ಬಟ್ಟಿ ಹಾಕೋದ್ರೊಳಗ ತೆಗೀಬೇಕಂತಿದ್ದೆ, ಬೆಳಿಗ್ಗಿ ಎಚ್ಚರ ಆಗಲಿಲ್ಲ."

ಅವ್ವ ಅಡುಗೆಮನೆಗೆ ಹೋಗಿಬಿಟ್ಟಳು. ಪೈಪು ಕೈಯಲ್ಲಿ ಹಿಡಿದುಕೊಂಡೇ ಅವಳ ಬೋಳು ಬಲಗೈ ನೋಡಿ ಗಫೂರ್‌ಭಾಯಿ ಕೇಳಿದ, "ನಿಮ್ಮವರು ಯಾವಾಗ ಹೋದ್ರಮ್ಮಾ?"

"ಪೊಲೀಸ್ ಆ್ಯಕ್ಷನ್ ಆಗೂಕಿಂತ ಮುಂಚೆ."

"ನಮ್ಮ ಫುಫು ಇದ್ರು, ಅಪ್ಪನ ಅಕ್ಕ. ಅವರ ಗಂಡ ಹೋಗಿದ್ದು ಆ್ಯಕ್ಷನ್ ಆದ ಮ್ಯಾಲ. ಮನಿಯಾಗಿಂದ ಕರಕೊಂಡು ಹೋದ್ರಂತ, ಯಾರಂತ ಗೊತ್ತಿಲ್ಲ. ಫುಫು ಸಾಯೋ ತನಕ ದಿನಾ ಒಂದು ರೊಟ್ಟಿ ತೆಗೆದು ಇಡ್ತಿದ್ರು."

"ಆಮ್ಯಾಲ ಅದನ್ನ ಯಾರು ತಿಂತಿದ್ರು?"

"ನಾನೇ ತಿಂತಿದ್ನಿ, ಅಮ್ಮಾ."

ಅತ್ತೆ ಒಳಗೆ ಹೋಗಿ ಅವನಿಗೆ ಚಹಾ ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಎದುರಿಗೆ ಕುಳಿತಿದ್ದಳು. ಮನೆಗೆ ಬಂದ ಗಂಡಸರ ಎದುರು ಅವಳು ಹಾಗೆ ಕುಳಿತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಪಡಸಾಲೆಯ ತುಂಬ ಹೆಂಗಸರು ನೆರೆದಿದ್ದಾಗ ಹಿಂದಿನಿಂದ ಮಷೀನಿನ ಸದ್ದು ಕೇಳಿಸುತ್ತಲೇ ಇತ್ತು. ಇವತ್ತು ಯಾರ ಬಟ್ಟೆ ಎಂದು ಶಾಂತಾ ಹೋಗಿ ನೋಡಿದರೆ ಒಳಗೆ ಬರೀ ನೀರು ತಿರುಗುತ್ತಿದೆ. ಪಕ್ಕದಲ್ಲಿ ಅತ್ತೆ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಬಟ್ಟೆಯೆಲ್ಲ ಬೆಳಿಗ್ಗೆಯೇ ಒಗೆದು ಆಗಿತ್ತು. ಅಲ್ಲಿ ನಿಲ್ಲಲು ಅವಳಿಗೊಂದು ನೆವ ಬೇಕಿತ್ತು. ಶಾಂತಾ ಮಷೀನು ಬಂದ್ ಮಾಡಿ ಅವಳ ಮುಂದೆ ಸೆರಗು ಒಡ್ಡಿ ನಿಂತಳು.

"ಅತ್ತೀ, ತುಂಬ್ರಿ."

"ಬ್ಯಾಡ ಮಗಳ. ನಿನಗ ಗಂಡ ಇದ್ದಾನ, ಮಕ್ಕಳವ. ಏನರ ಹೆಚ್ಚುಕಮ್ಮಿ ಆದ್ರ ಮಂದಿ ಅನ್ನೂಕಿಂತ ಮೊದಲ ನನಗ ನಾನ ಅಂತೀನಿ."

ಶಾಂತಾ ಕದಲಲಿಲ್ಲ. ಅತ್ತೆ ಅತ್ತಿತ್ತ ನೋಡಿ, ಹಗ್ಗದ ಮೇಲೆ ಒಣಗಿದ್ದ ಮಕ್ಕಳ ಅಂಗಿಗಳನ್ನು ಎಳೆದು ಅವಳ ಸೆರಗಿಗೆ ತುಂಬಿ "ತಗೋ, ಆಯ್ತಲ್ಲ, ನಡಿ ಇನ್ನ" ಎಂದು ನಗುತ್ತಾ ಬೆನ್ನು ಹಿಡಿದು ತಳ್ಳಿದಳು. ಶಾಂತಾ ಆ ಅಂಗಿಗಳನ್ನು ಹಿಡಿದುಕೊಂಡು ನನ್ನ ಬಳಿ ಬಂದು ಅತ್ತಳು. ಆಗ ನನಗೆ ನಮ್ಮ ಮನೆಯ ಮೇಲೆಯೇ ಹೇಸಿಗೆಯಾಯಿತು.

ಕೊನೆಕೊನೆಗೆ ಅತ್ತೆಗೆ ಒಂದೇ ಚಿಂತೆ ಹಿಡಿದಿತ್ತು. ಸಾವಿನ ಭಯವಲ್ಲ ಅದು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮುತ್ತೈದೆಯಾದರೆ ಒಂದು ಬಗೆಯಲ್ಲಿ ಅಲಂಕರಿಸಿ ಉಡಿ ತುಂಬಿ ಕಳಿಸುತ್ತಾರೆ, ಇಲ್ಲದಿದ್ದರೆ ಇನ್ನೊಂದು ಬಗೆ. "ನನ್ನ ಹ್ಯಾಂಗ ಕೂಡಸ್ತಿರೋ ತಮ್ಮಾ?" ಎಂದು ಒಂದು ಮಧ್ಯಾಹ್ನ ಕೇಳಿದಳು. ಹ್ಯಾಂಗ ಬೇಕಂತೀ ಎಂದೆ. "ನನಗೇನ ಗೊತ್ತು. ನಾಕ ಮಂದಿ ನನ್ನ ಮುಂದ ನಿಂತು ಇದ್ದಾನೋ ಇಲ್ಲೋ ಅಂತ ಚರ್ಚಾ ಮಾಡಬಾರ್ದು, ಅಷ್ಟ. ಅಲ್ಲಿ ನಾ ಗಂಟು ಎತ್ಗೊಂಡು ಹೋಗ್ಲಿಕ್ಕೂ ಆಗಂಗಿಲ್ಲ."

ಅವಳು ಹೋದ ದಿನ ಆದದ್ದು ಅದೇ. ಅಪ್ಪ ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅತ್ತೆಯನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದೆವು. ಕ್ರಿಯೆಗೆ ಬಂದ ಅಯ್ಯನವರು ವಿಭೂತಿ ಕೈಯಲ್ಲಿ ಹಿಡಿದು "ಇವರ ಯಜಮಾನರು?" ಎಂದು ಕೇಳಿದರು. ಸಾಯಗಾಂವದಿಂದ ಬಂದಿದ್ದ ಒಬ್ಬ ಹಿರಿಯ "ಅದ ಗೊತ್ತಿಲ್ಲಲ್ಲರಿ" ಎಂದ. ಇನ್ನೊಬ್ಬ, ಇಷ್ಟು ವರ್ಷ ಬದುಕಿರಲು ಸಾಧ್ಯವೇ ಎಂದ. ಬದುಕಿದ್ದರೆ ಈಗ ಎಷ್ಟು ವಯಸ್ಸು ಎಂಬ ಲೆಕ್ಕ ಶುರುವಾಯಿತು. ನಾನು ಬಾಯಿ ತೆರೆಯುವ ಮೊದಲೇ ಶಾಂತಾ ಒಳಗಿನಿಂದ ಮೊರ ಹಿಡಿದು ಬಂದಳು. ಯಾರನ್ನೂ ಕೇಳಲಿಲ್ಲ. ಅತ್ತೆಯ ಸೆರಗನ್ನು ಅವಳ ಮಡಿಲಿನ ಮೇಲೆ ಹರಡಿ, ಮುಂದೆ ಮೊಣಕಾಲೂರಿ ಕುಳಿತು ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು. ಹಿರಿಯರ ಲೆಕ್ಕ ಅಲ್ಲಿಗೇ ನಿಂತಿತು. ಆ ಉಡಿ ತುಂಬುವ ಹೊತ್ತಿಗೆ ಪಡಸಾಲೆಯ ನಡುವೆ, ಎಲ್ಲ ಹೆಂಗಸರ ಎದುರಿಗೆ, ಎಲ್ಲಿಗೂ ಎದ್ದು ಹೋಗದೆ ಅತ್ತೆ ಕುಳಿತಿದ್ದಳು. ತುಂಬಿದವರು ಯಾರೆಂದು ಅವಳು ತಲೆಯೆತ್ತಿ ನೋಡಲಿಲ್ಲ.