ಬಿಳಿ ಸುಡಬಾರದು ಅಂತಿದ್ದ ಮರಿಸ್ವಾಮಿ

ಮರಿಸ್ವಾಮಿ ನಮ್ಮ ಮನೆಗೆ ಬಂದರೆ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ನೆರಳು ನೋಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು "ಬಾಪ್ಪಾ" ಅಂದರೆ ಅವನ ಕಣ್ಣು ನನ್ನ ಕಾಲ ಬುಡದಲ್ಲಿ. ನೆರಳಿನ ಅಂಚು ಕುಡುಗೋಲಲ್ಲಿ ಕೊಯ್ದ ಹಾಗಿದ್ದರೆ ಮುಖ ಗಂಟು ಹಾಕಿಕೊಂಡು, "ಇವತ್ತು ಬಿಸ್ಲು ಒರಟು ಕಣವ್ವ" ಅನ್ನೋನು. ಅಂಚು ಮಸುಕಾಗಿದ್ದರೆ, "ಇವತ್ತು ಮೆತ್ತಗದೆ" ಅಂತ ನಗೋನು. ಆಮೇಲೆ ಕ್ಷೇಮ ಸಮಾಚಾರ. ಮೊದಲ ಸಲ ಬಂದಾಗ ಇವನ ಕತ್ತು ಹಿಡಿದುಕೊಂಡಿರಬೇಕು, ಮೇಲಕ್ಕೆ ಏಳುತ್ತಿಲ್ಲ ಅಂದುಕೊಂಡಿದ್ದೆ.

ಅವನದು ಮದ್ದೂರಿನಲ್ಲಿ ಸ್ಟುಡಿಯೊ. ಮೂವತ್ತು ವರ್ಷ ಮದುವೆ, ನಾಮಕರಣ, ಬೀಗರೂಟ ಎಲ್ಲ ವೀಡಿಯೊ ಮಾಡಿದೋನು. ನಮ್ಮದು ಕೊಕ್ಕರೆ ಬೆಳ್ಳೂರು. ಹಿತ್ತಲಿನಲ್ಲಿ ದೊಡ್ಡ ಹುಣಸೆಮರ ಇದೆ. ಸಂಕ್ರಾಂತಿ ಹೊತ್ತಿಗೆ ಕೊಕ್ಕರೆಗಳು ಬಂದು ಅದರ ತುಂಬ ಗೂಡು ಕಟ್ಟುತ್ತವೆ. ಕಾರಲ್ಲಿ ಬರುವವರು "ಅಯ್ಯೋ ಎಷ್ಟು ಚೆಂದ" ಅಂತಾರೆ. ಕೆಳಗೆ ನಿಂತು ಬಟ್ಟೆ ಒಣಗಿಸೋಳು ನಾನು. ಮೀನಿನ ನಾತ, ಹಿಕ್ಕೆ, ದಿನವಿಡೀ ಕಟಕಟ ಕಟಕಟ ಕೊಕ್ಕು ಬಡಿಯೋ ಸದ್ದು. ಓಡಿಸೋದಿಲ್ಲ, ನಮ್ಮತ್ತೆಯೂ ಓಡಿಸಲಿಲ್ಲ. ಹಾಗಂತ ಚೆಂದ ಅಂತ ಸುಳ್ಳು ಹೇಳೋದಿಲ್ಲ.

ಇವನು ಬಂದು ತಾರಸಿ ಕೇಳಿದ. ಒಂದು ದಿನಕ್ಕಲ್ಲ, ಗೂಡು ಕಟ್ಟೋದರಿಂದ ಹಿಡಿದು ಮರಿ ಹಾರೋವರೆಗೆ.

"ಮದ್ವೆ ಬುಟ್ಟು ಇದ್ಯಾಕ್ಲಾ ನಿಂಗೆ?" ಅಂದೆ.

"ಮೂವತ್ತು ವರ್ಸ ಹೆಣ್ಣು ಗಂಡು ತೆಗ್ದೆ ಕಣವ್ವ. ತಲೆ ಬಗ್ಸು ಅಂದ್ರೆ ಬಗ್ಸ್ತಾರೆ, ನಗು ಅಂದ್ರೆ ನಗ್ತಾರೆ. ಯೋಳಿದ್ ಮಾತು ಕೇಳ್ದೆ ಇರೋರ್ನ ಒಂದ್ ದಪ ತೆಗೀಬೇಕು ಅಂತ."

"ಅದುಕ್ಕೆ ಮರ ಯಾಕೆ? ನನ್ನ ಸೊಸೆನೇ ಅವ್ಳಲ್ಲ" ಅಂದೆ. ಒಳಗೆ ಪಾತ್ರೆ ಸದ್ದು ಜೋರಾಯಿತು.

ಅವನ ಆಸೆ ಒಂದೇ. ಮರಿ ಗೂಡು ಬಿಟ್ಟು ಹಾರುವ ಗಳಿಗೆ, ಪಕ್ಕದಲ್ಲೇ ತಾಯಿ. ಮರಿ ಬೂದಿ ಬಣ್ಣ, ಎಲೆ ನೆರಳಲ್ಲಿ. ತಾಯಿ ಬೆಳ್ಳಗೆ, ಬಿಸಿಲಲ್ಲಿ. ಎರಡೂ ಒಂದೇ ಚಿತ್ರದಲ್ಲಿ ಬರಬೇಕು, ತಾಯಿ ಬೆನ್ನಿನ ಬಿಳಿ ಗರಿ ಒಂದೊಂದೂ ಗೆರೆ ಗೆರೆಯಾಗಿ ಕಾಣಬೇಕು. ಕೇಳಿದರೆ ಏನು ಮಹಾ ಅನ್ನಿಸುತ್ತದೆ. ಮೊದಲ ವರ್ಷ ತೆಗೆದದ್ದನ್ನು ತಂದು ತೋರಿಸಿದ. ಮರಿ ಚೆನ್ನಾಗಿತ್ತು, ತಾಯಿ ಮಾತ್ರ ಸುಣ್ಣ ಬಳಿದ ಕುಡಿಕೆ. ಗರಿಯೂ ಇಲ್ಲ, ಗೆರೆಯೂ ಇಲ್ಲ. ಎರಡನೆಯ ವರ್ಷ ಹೆದರಿಕೊಂಡು ಕತ್ತಲೆ ಕತ್ತಲೆಯಾಗಿ ತೆಗೆದ. ಆಗ ತಾಯಿ ಚೆನ್ನಾಗಿತ್ತು, ಮರಿ ಮೈಮೇಲೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆಯಾಗಿತ್ತು.

ಅವನು ತೆಗೆಯುತ್ತಿದ್ದದ್ದು ಫೋಟೊ ತೆಗೆಯೋ ಕ್ಯಾಮರಾದಲ್ಲೇ. ಆದರೆ ಅದಕ್ಕೆ ಏನೋ ಹಾಕಿ 'ಹಸಿ ವೀಡಿಯೊ' ಬರೋ ಹಾಗೆ ಮಾಡಿಕೊಂಡಿದ್ದ. ಹಸಿ ಅಂದರೆ ಏನಪ್ಪಾ ಅಂದೆ.

"ಮದ್ವೆದು ಕ್ಯಾಮರಾನೇ ಬೇಯ್ಸಿ ಕೊಡ್ತದೆ ಕಣವ್ವ. ಉಪ್ಪು ಕಮ್ಮಿ ಆದ್ರೂ ಉಣ್ಬೇಕು, ಜಾಸ್ತಿ ಆದ್ರೂ ಉಣ್ಬೇಕು. ಇದು ಕಾಳು ತರಕಾರಿ ಹಸಿಯಾಗೇ ಕೊಡ್ತದೆ. ಮನೇಗೋಗಿ ನಾನೇ ಬೇಯ್ಸ್ಕೋಬೇಕು. ಕತ್ಲಲ್ಲಿರೋದ್ನ ಒಂಚೂರು ಎತ್ಬೌದು, ಬಣ್ಣ ತಿದ್ಬೌದು. ಬಿಳಿ ಸುಟ್ಟೋದ್ರೆ ಮಾತ್ರ ಏನೂ ಮಾಡಕಾಗಕಿಲ್ಲ. ಅಲ್ಲಿ ಏನೂ ಇರೋದೇ ಇಲ್ಲ."

ಹಸಿಯಾದ್ದರಿಂದ ಜಾಗವೂ ಜಾಸ್ತಿ ತಿನ್ನುತ್ತಿತ್ತಂತೆ. ಒಂದು ಕಾರ್ಡಿಗೆ ಐದಾರು ನಿಮಿಷ, ತುಂಬಿತು, ಮುಗಿಯಿತು.

ಮೂರನೆಯ ವರ್ಷ ಬಂದಾಗ ಮೆಟ್ಟಿಲು ಹತ್ತೋದು ನಿಧಾನ. ಕಡೇ ಮೆಟ್ಟಿಲನ್ನು ಕಾಲಲ್ಲಿ ತಡಕುತ್ತಿದ್ದ. ನಾನು ಸಂಡಿಗೆ ಒಣಹಾಕುತ್ತಿದ್ದೆ. ಕರೀ ಬಟ್ಟೆ ಕ್ಯಾಮರಾ ಮೇಲೆ ಮುಸುಕು ಹಾಕಿಕೊಂಡು ಬಹಳ ಹೊತ್ತು ಒಳಗೇ ಇದ್ದ. ಆಮೇಲೆ ಮುಖ ಹೊರಗೆ ಹಾಕಿ, "ಅವ್ವಾ, ಇಲ್ಲೊಂಚೂರು ನೋಡಿ. ಕೆಳಗಡೆ ಒಂದು ಗುಡ್ಡ ಕಾಣ್ತದಲ್ಲ, ಅದು ಬಲಗಡೆ ಎಲ್ಲೀಗಂಟ ಅದೆ?" ಅಂದ.

"ಯಾಕ್ಲಾ, ನಿಂಗೆ ಕಾಣಕಿಲ್ವಾ?"

ಮುಸುಕಿನ ಬಟ್ಟೆ ಸರಿಮಾಡೋಕೆ ಹೊರಟ. ಸಂಡಿಗೆ ಕೈ ತೊಳೆದುಕೊಂಡು ಎದುರಿಗೆ ಕೂತೆ. "ಬೊಗಳು" ಅಂದೆ.

ಕಣ್ಣಿನೊಳಗೆ ಒತ್ತಡವಂತೆ. ಮಂಡ್ಯದಲ್ಲಿ ತೋರಿಸಿ ಹನಿ ಹಾಕಿಕೊಳ್ಳುತ್ತಿದ್ದಾನೆ. ಹೋದದ್ದು ವಾಪಸು ಬರೋದಿಲ್ಲ, ಇರೋದನ್ನ ಉಳಿಸಿಕೊಳ್ಳೋಕೆ ಹನಿ ಅಷ್ಟೆ. ಎರಡೂ ಪಕ್ಕ ಮುಚ್ಚಿಕೊಂಡು ಬರುತ್ತಿದೆ, ನಡುವೆ ಒಂದು ಕಿಂಡಿ. ಬೆಳ್ಳಗಿರೋದರ ಮೇಲೆ ಬೆಳ್ಳಗೆ ಇದ್ದರೆ ಗೊತ್ತೇ ಆಗೋದಿಲ್ಲ.

"ಈ ವರ್ಸ ಆದ್ರೆ ಆಯ್ತು ಕಣವ್ವ. ಮುಂದಿನ್ ವರ್ಸ ನನ್ ಕೈಲಿ ಆಗಕಿಲ್ಲ."

ಅಯ್ಯೋ ಪಾಪ ಅನ್ನಲಿಲ್ಲ. ಹಾಗಂದರೆ ಅವನ ಚಿತ್ರದಲ್ಲಿ ಗರಿ ಬರುತ್ತದಾ? "ಎಲ್ಲದೆ ಗುಡ್ಡ, ತೋರ್ಸು" ಅಂದೆ.

ಹೀಗೆ ನಾನು ಆ ಮುಸುಕಿನೊಳಗೆ ತಲೆ ಹಾಕಿದ್ದು. ನಾಲ್ಕನೇ ಕ್ಲಾಸು ಓದಿದೋಳು ನಾನು, ಗುಡ್ಡ ನೋಡೋಕೆ ಅಷ್ಟು ಸಾಕು. ಚಿತ್ರದ ಕೆಳಗೆ ಪುಟ್ಟದೊಂದು ಚೌಕ, ಅದರಲ್ಲಿ ಬೆಟ್ಟದ ಸಾಲಿನ ಹಾಗೆ ಏರು ತಗ್ಗು. ಎಡಗಡೆ ಕತ್ತಲೆ, ಬಲಗಡೆ ಬೆಳಕು. ಕ್ಯಾಮರಾ ಮುಂದೆ ಒಂದು ಕರೀ ಗಾಜು. ಅದರ ಸುತ್ತ ಇರೋ ಬಳೆ ತಿರುಗಿಸಿದರೆ ಬೆಳಕು ಕಮ್ಮಿಯಾಗಿ ಗುಡ್ಡ ಎಡಕ್ಕೆ ಸರಿಯೋದು, ಹಿಂದಕ್ಕೆ ತಿರುಗಿಸಿದರೆ ಬಲಕ್ಕೆ. ಬೇರೆ ತಿರುಗಣಿ ಮುಟ್ಟಬಾರದು, ರೆಕ್ಕೆ ಬಡಿಯೋದು ಗೊಂಬೆ ಆಡಿಸಿದ ಹಾಗೆ ಆಗುತ್ತದೆ ಅನ್ನೋನು. "ಮೇಲಿನ್ ಚಿತ್ರ ನೋಡ್ಬ್ಯಾಡಿ ಅವ್ವಾ, ಅದು ಬಿಸ್ಲಿಗೆ ಒಂದು ತರ, ನೆಳ್ಳಿಗೆ ಒಂದು ತರ ಸುಳ್ಳೇಳ್ತದೆ. ಗುಡ್ಡ ನೋಡಿ."

ಸೊಸೆ ಭಾಗ್ಯ ಬಟ್ಟೆ ತೆಗೆಯೋಕೆ ಬಂದೋಳು, "ಏನತ್ತೆ, ಈ ವಯಸ್ನಲ್ಲಿ ಮುಸುಕು?" ಅಂದಳು.

"ನೀನ್ ಹಾಕ್ಕಳಕಿಲ್ಲ ಅಂತ ನಾನ್ ಹಾಕ್ಕಂಡಿವ್ನಿ, ಓಗು."

ಮೊದಲ ವಾರ ನಾನೇ ಕೆಡಿಸಿದೆ. ನಾವು ರಾಗಿ ಅಳೆಯೋದು ಹೇಗೆ? ಸೇರಿನ ಮೇಲೆ ಗೋಪುರ ನಿಲ್ಲಬೇಕು, ನಾಲ್ಕು ಕಾಳು ಆಚೆ ಉದುರಬೇಕು. ಮಟ್ಟಕ್ಕೆ ಸವರಿ ಕೊಟ್ಟರೆ ಜಿಪುಣಿ ಅಂತಾರೆ. ಆ ಬುದ್ಧಿಯಲ್ಲೇ ಗುಡ್ಡವನ್ನು ಚೌಕದ ಬಲಗಡೆ ಗೋಡೆಗೆ ಒತ್ತಿ ಒತ್ತಿ ತುಂಬಿದೆ. "ಎಂಗದೆ ಅವ್ವಾ?" ಅಂದರೆ, "ತುಂಬಿ ತುಳುಕ್ತಾ ಅದೆ ಕಣ್ಲಾ" ಅಂತ ಜಂಬದಲ್ಲಿ ಹೇಳಿದೆ. ಪಾಪ, ಅವನು ಒಳ್ಳೇದು ಅಂತ ತಿಳಿದ. ನಾಲ್ಕು ದಿನ ಬೆಳಗ್ಗೆ ತೆಗೆದದ್ದೆಲ್ಲ ಸುಣ್ಣದ ಕುಡಿಕೆ.

ಐದನೇ ದಿನ ಬಂದು ಬಯ್ಯಲಿಲ್ಲ. ಮುದ್ದೆ ಉಪ್ಸಾರು ಇಟ್ಟೆ, ಉಂಡ. ಕೈ ತೊಳೆದುಕೊಂಡು ಹೇಳಿದ: "ಅವ್ವಾ, ಸೇರಿಂದ ಉದುರಿದ್ ರಾಗಿನ ನೀವು ಗುಡಿಸ್ಕೋತೀರಿ. ಈ ಗೋಡೆಯಿಂದಾಚೆ ಬಿದ್ದಿದ್ ಬೆಳಕ ಗುಡಿಸ್ಕಳಕಾಗಕಿಲ್ಲ. ಗೋಡೆ ಅತ್ರುಕ್ಕೇ ಓಗ್ಬೇಕು, ಇಲ್ದಿದ್ರೆ ಮರಿಗೆ ರವೆ. ಆದ್ರೆ ತಾಕ್ಬಾರ್ದು. ಒಂದ್ ರಾಗಿಕಾಳಷ್ಟು ಜಾಗ ಬುಡಿ."

ಅದನ್ನ ಮೊದಲೇ ಬೊಗಳಬಾರದಾಗಿತ್ತಾ ಅಂದೆ. ನಿಮಗೆ ಹೇಳೋಕೆ ಭಯ ಅಂದ.

ಆಮೇಲೆ ನನಗೂ ಅದರ ಹುಚ್ಚು ಹಿಡಿಯಿತು. ಅನ್ನ ಬಸಿಯುವಾಗ ಕಿಟಕಿ ಬೆಳಕು ನೋಡಿ ಇಲ್ಲಿ ಗುಡ್ಡ ಎಲ್ಲಿರುತ್ತದೆ ಅಂತ ಯೋಚನೆ. ಭಾಗ್ಯಳ ಬಿಳಿ ಸೀರೆ ಹಗ್ಗದ ಮೇಲಿದ್ದರೆ, ಇದು ಸುಡುತ್ತದಾ ಇಲ್ಲವಾ? ಎಪ್ಪತ್ತು ವರ್ಷ ಬಿಸಿಲಲ್ಲೇ ಬದುಕಿದ್ದೀನಿ, ಬಿಸಿಲನ್ನ ಅಳೆಯಬಹುದು ಅಂತ ಯಾರೂ ಹೇಳಿರಲಿಲ್ಲ.

ಮರಿ ರೆಕ್ಕೆ ಬಡಿದು ಗೂಡಿನಲ್ಲೇ ಕುಪ್ಪಳಿಸೋಕೆ ಶುರು ಮಾಡಿತು. ಕಾರ್ಡು ಐದು ನಿಮಿಷದ್ದು, ಯಾವಾಗ ಒತ್ತೋದು ಅಂತ ಅವನಿಗೆ ಗೊತ್ತಿಲ್ಲ. ನನಗೆ ಗೊತ್ತು. ತಾಯಿ ಮೀನು ತಂದು ಗೂಡಿಗೆ ಇಳಿಯದೆ ಆಚೆ ಕೊಂಬೆಯಲ್ಲಿ ಕೂತು ಆಟ ಆಡಿಸಿದರೆ, ಅವತ್ತು ಮರಿ ಹೊರಡುತ್ತದೆ.

ಅವತ್ತು ತಾಯಿ ಆಚೆ ಕೊಂಬೆಯಲ್ಲಿ ಕೂತಿತು. ಮೋಡ ಮುಚ್ಚಿತ್ತು. ಗುಡ್ಡ ಸರಿ ಮಾಡಿದೆ, ಒಂದು ರಾಗಿಕಾಳು ಜಾಗ. "ಒತ್ತು" ಅಂದೆ. ಒತ್ತಿದ. ಮರಿ ಕೊಂಬೆ ತುದಿಗೆ ಬಂತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಒಂದು ನಿಮಿಷ, ಎರಡು, ಮೂರು. ಅವನ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು ನೋಡಿ, ಗುಡ್ಡ ದಡದಡ ಬಲಕ್ಕೆ ಓಡಿ ಗೋಡೆಗೆ ಹತ್ತಿತು. ಕೇಳೋಕೆ ಹೊತ್ತಿಲ್ಲ. ಬಳೆಗೆ ಕೈ ಹಾಕಿ ತಿರುಗಿಸಿದೆ. ಕ್ಯಾಮರಾ ಅಲ್ಲಾಡಿತು.

"ಯಾಕ್ ಮುಟ್ಟುದ್ರಿ! ಕ್ಯಾಮರಾ ಓಡ್ತಾ ಇರುವಾಗ ಯಾರಾದ್ರೂ ಮುಟ್ತಾರಾ!" ಅಂತ ಕೂಗಿದ. ಮೂರು ವರ್ಷದಲ್ಲಿ ಮೊದಲ ಸಲ ಅವನ ದನಿ ಏರಿದ್ದು.

"ಸುಡ್ತಾ ಇತ್ತು ಕಣ್ಲಾ! ಬಾಯ್ ಮುಚ್ಚು, ಹಾರ್ತಾ ಅದೆ!"

ಮರಿ ಹಾರಿತು. ಹಿಂದೆಯೇ ತಾಯಿ, ಬೆನ್ನು ಪೂರ್ತಿ ಬಿಸಿಲಿಗೆ. ಎರಡೂ ಮರದ ಆಚೆ ಹೋದವು. ಕಾರ್ಡು ತುಂಬಿತು ಅಂತ ಕ್ಯಾಮರಾ ತಾನೇ ನಿಂತಿತು.

ಉಣ್ಣು ಅಂದೆ, ಉಣ್ಣಲಿಲ್ಲ. ಸಾಮಾನು ಕಟ್ಟಿಕೊಂಡು ಗೋಡೆ ಹಿಡಿದು ಇಳಿದು ಹೋದ. ಅವನ ಮೂರು ವರ್ಷವನ್ನು ನನ್ನ ಕೈ ಕೆಡಿಸಿತೋ ಉಳಿಸಿತೋ ಗೊತ್ತಿಲ್ಲದೆ ಎರಡು ತಿಂಗಳು ಕಳೆದೆ. ಫೋನು ಮಾಡಿದರೆ, "ಬತ್ತೀನವ್ವ" ಅಂತಿದ್ದ, ಅಷ್ಟೆ.

ಆಷಾಢದಲ್ಲಿ ಒಂದು ಮಧ್ಯಾಹ್ನ ಹೆಂಡತಿ ಕೈ ಹಿಡಿದುಕೊಂಡು ಬಸ್ಸಲ್ಲಿ ಬಂದ. ಅದೇ ಕೊನೆ, ಆಮೇಲೆ ಅವನು ನಮ್ಮ ಮೆಟ್ಟಿಲು ಹತ್ತಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಭಾಗ್ಯಳ ಜೊತೆ ಕೂತಳು. ಇವನು ಜೇಬಿಂದ ಪೆನ್‌ಡ್ರೈವ್ ತೆಗೆದು, "ಟೀವಿಗೆ ಹಾಕ್ಸಿ" ಅಂದ.

"ಕಂಪ್ಯೂಟರಲ್ಲಿ ಗುಡ್ಡ ದೊಡ್ಡದ್ ಮಾಡ್ಕಂಡು, ಅದನ್ನೇ ನಂಬ್ಕಂಡು ಬೇಯ್ಸಿವ್ನಿ ಅವ್ವಾ. ಬೆಳಕು ಹೆಚ್ಚುಕಮ್ಮಿ ಆಗಿದ್ದ ಜಾಗ ತಿದ್ದಿವ್ನಿ. ಆದ್ರೆ ಗರಿ ಅದಾ ಇಲ್ವಾ ಅಂತ ನಂಗೆ ಕಾಣಕಿಲ್ಲ. ಮದ್ದೂರಲ್ಲಿ ಎಲ್ರೂ ಸೂಪರ್ ಸೂಪರ್ ಅಂತಾರೆ. ನನ್ ಕಣ್ಣಿನ ವಿಷ್ಯ ಗೊತ್ತಾದ್ಮೇಲೆ ಬೇಕೂಂತ ಅಂಗಂತಾರೆ. ನೀವ್ ಯೋಳಿ."

ಬಾಗಿಲು ಹಾಕಿಸಿ, ಟೀವಿ ಹತ್ತಿರ ಕೂತು ನೋಡಿದೆ. ಮತ್ತೊಮ್ಮೆ ನೋಡಿದೆ. ಬೆನ್ನಿನ ಮೇಲೆ ಗರಿ ಇತ್ತು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು, ಪ್ರತಿಯೊಂದಕ್ಕೂ ತೆಳ್ಳನೆ ನೆರಳು. ಮರಿ ಕಣ್ಣು ಕೂಡ ಕಾಣುತ್ತಿತ್ತು. ಹೇಳಿದೆ. ಅವನ ಮುಖ ಅರಳಲಿಲ್ಲ. ನಾನೂ ಮದ್ದೂರಿನವರ ಹಾಗೆ ಹೇಳುತ್ತಿದ್ದೀನಿ ಅಂದುಕೊಂಡ.

ಮೂರನೇ ಸಲ ನೋಡಿದೆ. "ಒಂದ್ ಕಡೆ ಸುಟ್ಟದೆ ಕಣ್ಲಾ" ಅಂದೆ. "ಬಿಸ್ಲು ಬಿತ್ತಲ್ಲ, ನಾನ್ ಬಳೆ ತಿರ್ಗ್ಸದ್ಕೆ ಮುಂಚೆ. ಕತ್ತಿನ ಬುಡ ಒಂದ್ ಚಣ ಸುಣ್ಣ ಆಗದೆ. ಆಮೇಲೆ ಒಂದ್ಸಲ ಅಲ್ಲಾಡ್ತದೆ. ಅದು ನಂದೇ ಕೈ."

ಮರಿಸ್ವಾಮಿ ನನ್ನ ಕಡೆ ತಿರುಗಿದ. ಮುಖ ಅರಳಿತು.

"ಸುಟ್ಟದಾ?"

"ಸುಟ್ಟದೆ."

"ಅಂಗಾದ್ರೆ ಮಿಕ್ಕಿದ್ ಗರಿ ಎಲ್ಲಾ ನಿಜವಾಗೂ ಅದೆ!"

"ನಾನೇನ್ ಸುಳ್ಳೇಳ್ತೀನಾ? ಅದೆ ಅಂದ್ನಲ್ಲ."

ಅವನು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತ, ಊಟಕ್ಕೆ ಕೂತೋನ ಹಾಗೆ. "ಇನ್ನೊಂದ್ ದಪ ಆಕ್ಸಿ ಅವ್ವಾ" ಅಂದ. "ಸುಟ್ಟಿದ್ ಜಾಗ ಬಂದಾಗ್ಲೂ ಯೋಳಿ, ಗರಿ ಬಂದಾಗ್ಲೂ ಯೋಳಿ."

ಹಾಕಿಸಿದೆ. "ಈಗ ಸುಣ್ಣ" ಅಂದೆ. "ಈಗ ಗರಿ" ಅಂದೆ. ಅವನು ಟೀವಿ ಕಡೆ ಮುಖ ಮಾಡಿ, ಕೇಳಿಸಿಕೊಂಡು, ಕೇಳಿಸಿಕೊಂಡು ನಗುತ್ತಿದ್ದ.