ಮುಳ್ಳಿನ ಮರ ಮತ್ತು ಮೈಸೂರಿನ ವಾಸ್ತು

ನನಗೆ ಕೋಪ ಬೇಗ ಬರುತ್ತದೆ ಎಂದು ಮನೆಯವರ ದೂರು. ಸುಳ್ಳು. ಬೇಗ ಬರುವುದಿಲ್ಲ, ಬಂದದ್ದು ಹೋಗುವುದಿಲ್ಲ ಅಷ್ಟೆ. ಈಗಿನ ಕೋಪಕ್ಕೆ ಕಾರಣ ಅಡಿಲೇಡಿನ ನಮ್ಮ ಹಿತ್ತಲಿನ ಹಾಥಾರ್ನ್ ಮರ. ಮರವಲ್ಲ, ಪಾಪ, ಅದನ್ನು ಕಡಿಸಲು ಹೊರಟವರು.

ಹಾಥಾರ್ನ್ ಎಂದರೆ ಮೈತುಂಬ ಮುಳ್ಳು. ಹಿಂದೆ ಇಂಗ್ಲೆಂಡಿನಿಂದ ಬಂದವರು ಬೇಲಿಗೆಂದು ತಂದು ನೆಟ್ಟರಂತೆ. ಅಂದರೆ ನಮ್ಮ ಹಾಗೇ ಹೊರಗಿನಿಂದ ಬಂದು ಇಲ್ಲಿ ಬೇರುಬಿಟ್ಟದ್ದು. ವಸಂತದಲ್ಲಿ ಬಿಳಿ ಹೂವು, ಬೇಸಿಗೆ ಮುಗಿದ ಮೇಲೆ ಕೆಂಪು ಹಣ್ಣು. ರೊಸೆಲ್ಲಾ ಗಿಳಿಗಳು ಬಂದು ಅರ್ಧ ತಿಂದು ಅರ್ಧ ಚೆಲ್ಲುತ್ತವೆ. ಚೆಲ್ಲಿದ್ದಕ್ಕೆ ನಮ್ಮ ಮೂರು ಕೋಳಿಗಳು ಕೆಳಗೆ ಕಾದಿರುತ್ತವೆ. ಆಕಾಶದಲ್ಲಿ ಗಿಡುಗ ಕಂಡರೆ ಸಾಕು, ಮೂರೂ ಆ ಮುಳ್ಳಿನಡಿ ನುಗ್ಗುತ್ತವೆ. ಗಿಡುಗ ಅಲ್ಲಿಗೆ ಬರುವುದಿಲ್ಲ.

ನಮ್ಮ ಯಜಮಾನರಿಗೆ ಈ ಸಲವೂ ಪ್ರಮೋಶನ್ ತಪ್ಪಿತು. ಯಾಕೆಂದು ಆಫೀಸಿನಲ್ಲಿ ಬಾಯಿಬಿಟ್ಟು ಕೇಳುವುದು ಬಿಟ್ಟು, ಮೈಸೂರಿನ ವಾಸ್ತು ಗುರುಗಳಿಗೆ ವಿಡಿಯೋ ಕಾಲ್ ಮಾಡಿದರು. ಫೋನ್ ಹಿಡಿದು ಮನೆಯೆಲ್ಲ ತೋರಿಸಿದರು, ಬಚ್ಚಲನ್ನೂ ಬಿಡಲಿಲ್ಲ. ಹಿತ್ತಲು ಕಂಡದ್ದೇ ಗುರುಗಳು, "ಅಯ್ಯಯ್ಯೋ, ಮುಳ್ಳಿನ ಮರ! ಮೊದಲು ಅದನ್ನ ತೆಗೆಸಿ ಸ್ವಾಮಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಬೆಳಿಗ್ಗೆ ಮರ ಕಡಿಯುವವನು ಗರಗಸದ ಸಮೇತ ಬಂದೇಬಿಟ್ಟ. ನಾನು ಕುರ್ಚಿ ಎಳೆದುಕೊಂಡು ಹೋಗಿ ಮರದಡಿ ಕೂತೆ. ಕೂದಲು ಮುಳ್ಳಿಗೆ ಸಿಕ್ಕಿಕೊಂಡಿತು. ಇನ್ನು ಏಳಬೇಕೆಂದರೂ ಏಳುವ ಹಾಗಿರಲಿಲ್ಲ.

"ಏನೇ ಇದು! ನನ್ನ ಪ್ರಮೋಶನ್‌ಗಿಂತ ನಿನಗೆ ಕೋಳಿ ಹೆಚ್ಚಾಯ್ತಾ?" ಎಂದರು ಯಜಮಾನರು.

"ಹೂಂ ಕಣ್ರೀ, ಹೆಚ್ಚೇ! ಸಾಯಂಕಾಲ ಸೋತು ಸುಣ್ಣವಾಗಿ ಬರ್ತೀರಲ್ಲ, ಗೇಟ್ ಸದ್ದಿಗೆ ಓಡಿ ಬರೋರು ಯಾರು? ನಾನಾ? ನಿಮ್ಮ ಮಗಳಾ? ಈ ಕೋಳಿಗಳು! ನೀವು ಮ್ಯಾನೇಜರ್ ಆದ್ರಾ ಇಲ್ವಾ ಅಂತ ಅವು ಒಂದು ದಿನ ಕೇಳಿದ್ದಾವಾ? ನಾಳೆ ಗಿಡುಗ ಬಂದ್ರೆ ಇವು ಎಲ್ಲಿಗೆ ಓಡ್ಬೇಕು, ನಿಮ್ಮ ಗುರುಗಳ ಮನೆಗಾ?"

ಕಿಟಕಿಯಿಂದ ಮಗಳು, "ಶಿ ಈಸ್ ರೈಟ್, ಡ್ಯಾಡ್" ಎಂದಳು. ಅಷ್ಟರಲ್ಲಿ ಕೋಳಿಗಳು ಎಂದಿನಂತೆ ಯಜಮಾನರ ಕಾಲಿನ ಸುತ್ತ ಸೇರಿದ್ದವು. ಅವರು ಸ್ವಲ್ಪ ಹೊತ್ತು ಬಗ್ಗಿ ನೋಡಿದರು. ಮರ ಕಡಿಯುವವನಿಗೆ ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಬಂದು ನನ್ನ ಕೂದಲು ಬಿಡಿಸಿದರು.

ಭಾನುವಾರ ಗುರುಗಳೇ ವಿಡಿಯೋ ಕಾಲ್ ಮಾಡಿದರು. ಯಜಮಾನರು ಮರಕ್ಕೆ ಬೆನ್ನು ಹಾಕಿ ನಿಂತು, ಎದುರಿನ ಬೇಲಿಯನ್ನಷ್ಟೇ ತೋರಿಸುತ್ತ, "ತೆಗೆಸಿಬಿಟ್ಟೆ ಗುರುಗಳೇ" ಎಂದರು.

"ನೋಡಿದ್ರಾ! ಮನೆ ಲಕ್ಷಣವೇ ಬದಲಾಗ್ಹೋಯ್ತು!" ಎಂದರು ಗುರುಗಳು.

ಫೋನ್ ಇಟ್ಟು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ.

"ಗುರುಗಳ ಮುಂದೆ ಇಷ್ಟು ದೊಡ್ಡ ಸುಳ್ಳು ಹೇಳೋ ಧೈರ್ಯ ಇದೆಯಲ್ಲ," ಎಂದೆ, "ನಾಳೆ ಹೋಗಿ ನಿಮ್ಮ ಬಾಸ್ ಮುಂದೆ, ಪ್ರಮೋಶನ್ ನನಗೇ ಬರಬೇಕಿತ್ತು ಅಂತ ಒಂದು ನಿಜ ಹೇಳಿ ಬನ್ನಿ."