ಖಾರದ ಹಿಂದೆ ಕೂಸಿನ ರಾಗಿ

ಕಂಪ್ಯೂಟರ್ ಕೆಟ್ಟಿರಲಿಲ್ಲ. ನನ್ನ ಮೊಮ್ಮಗಳು ಶ್ರುತಿ ಬೇಕಿಲ್ಲದಷ್ಟು ಸಾಮಾನು ತಂದು ಗುಡ್ಡೆ ಹಾಕಿದ್ದಳು, ಅಷ್ಟೇ. ಅವಳು ಏನೇ ಹೇಳಿಕೊಳ್ಳಲಿ, ನಡೆದದ್ದು ಇದು.

ಗುಬ್ಬಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಷನ್ನು. ಇರುವುದು ಒಂದೇ ಕಲ್ಲು. ಹಾಗಾಗಿ ರಾಗಿ, ಗೋಧಿ ಮೊದಲು. ಮೆಣಸಿನಕಾಯಿ ದಿನದ ಕೊನೆಗೆ. ಖಾರ ಬೀಸಿದ ಕಲ್ಲಿಗೆ ನುಚ್ಚು ಹಾಕಿ ಕ್ಲೀನ್ ಮಾಡಿದ ಮೇಲೇ ಮುಂದಿನ ರಾಗಿ. (ಇಷ್ಟು ತಿಳಿಯಲು ನನ್ನ ಮೂರನೇ ಕ್ಲಾಸು ಸಾಕು.)

ಜನ ಕಾಯುವುದು ಬೇಡ ಅಂತ, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಶ್ರುತಿ ಮೊಬೈಲಿನಲ್ಲೇ ಸರದಿ ಬುಕ್ ಮಾಡುವ ಪೇಜ್ ಮಾಡಿದಳು. ಅದು ಕ್ಲೌಡ್‌ನಲ್ಲಿರುತ್ತದಂತೆ. ಅಂದರೆ ಬೇರೆ ಯಾರದೋ ಕಂಪ್ಯೂಟರಿನಲ್ಲಿ. ಅಲ್ಲಿಗೆ ಏರಿಸಲು ಒಂದು ಟೂಲು, ಬದಲಿಸಲು ಇನ್ನೊಂದು, ಆ ಎರಡನ್ನೂ ಕಾಯಲು ಮತ್ತೊಂದು. ದೊಡ್ಡ ಕಂಪನಿಗಳು ಇದನ್ನೇ ಬಳಸುತ್ತವಂತೆ. ದೊಡ್ಡ ಕಂಪನಿಯವರು ರಾಗಿ ಬೀಸುತ್ತಾರಾ? ಎಲ್ಲ ಫ್ರೀ ಬೇರೆ. ಫ್ರೀ ಅಂದಾಗಲೇ ನನಗೆ ಅನುಮಾನ ಹತ್ತಿತು.

ಮೊನ್ನೆ ‘ಖಾರ ಕೊನೆಗೆ’ ಅನ್ನುವುದನ್ನು ಪೇಜಿಗೆ ಸೇರಿಸಿದಳು. ಬದಲಿಸುವ ಟೂಲು ಅರ್ಧಕ್ಕೇ ನಿಂತಿತ್ತು, ಅವಳು ನೋಡಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಹೊಸದು, ಮಿಕ್ಕವರ ಮೊಬೈಲಿನಲ್ಲಿ ಹಳೆಯದು. ಮರುದಿನ ಬೆಳಿಗ್ಗೆ ಮೊದಲ ಸರದಿ ಕುಣಿಗಲ್ ಕಡೆಯವರ ಮೆಣಸಿನಕಾಯಿಗೆ ಬಂತು. ಎರಡನೆಯದು ಪಕ್ಕದ ಬೀದಿ ಪುಷ್ಪಳ ರಾಗಿಗೆ. ಕೂಸಿಗೆ ಮೊದಲ ಸಲ ರಾಗಿ ಸರಿ ತಿನ್ನಿಸಬೇಕೆಂದು ಮೊಳಕೆ ಬರಿಸಿ, ಒಣಗಿಸಿ ತಂದಿದ್ದ ರಾಗಿ.

ಮಿಷನ್ ನೋಡಿಕೊಳ್ಳುವ ನನ್ನ ಸೊಸೆ, ಶ್ರುತಿಯ ಅಮ್ಮ ಮಂಜುಳ ಖಾರ ಮುಗಿಸಿ, ಕಲ್ಲಿಗೆ ನುಚ್ಚು ಹಾಕದೆಯೇ ಪುಷ್ಪಳ ಡಬ್ಬ ಎತ್ತಿದ್ದಳು. ಸೀನುತ್ತಲೇ ಒಳಗೆ ಬಂದ ನಾನು ಕೈ ಹಿಡಿದೆ.

“ಏನೇ, ಕೂಸಿಗೆ ಖಾರ ತಿನ್ನಿಸ್ತೀಯಾ?”

“ಮೊಬೈಲ್ನಾಗೆ ಹಂಗೇ ಬಂದೈತೆ ಅತ್ತೆ. ಅದು ಹೇಳ್ದಂಗೆ ಮಾಡು ಅಂತ ಶ್ರುತಿನೇ ಹೇಳವ್ಳೆ.”

ಪುಷ್ಪ ಡಬ್ಬ ಕಿತ್ತುಕೊಂಡಳು. “ಬುಡು ಅಜ್ಜಿ, ಮನೇಲೇ ಬೀಸ್ಕೋತೀನಿ.” ತಿರುಗಿ ನೋಡದೆ ಹೋದಳು.

ಸಂಜೆ ಕಾಲೇಜಿನಿಂದ ಬಂದ ಶ್ರುತಿಯನ್ನು ಕೂರಿಸಿಕೊಂಡೆ.

“ಇದು ಕೆಟ್ರೆ, ನೀನಿಲ್ದಾಗ ಯಾರು ಸರಿ ಮಾಡ್ತಾರೆ?”

“ಯಾರಿಗೂ ಆಗಲ್ಲ ಅಜ್ಜಿ.”

“ನಿಂಗೆ?”

“ನೋಡ್ಬೇಕು.”

“ನಿಮ್ಮಮ್ಮನ ಕೈಲಿ ಆಗೋಂಥದ್ದು ಯಾವ್ದೂ ಇಲ್ವೇನೇ?”

ಇತ್ತಂತೆ. ಮೊದಲಿನಿಂದಲೂ ಇತ್ತಂತೆ. ಒಂದೇ ಟೂಲು. ಬದಲಾದರೆ ಎಲ್ಲರಿಗೂ ಬದಲಾಗುತ್ತದೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ಮತ್ತೆ ಯಾಕೆ ಹಾಕಲಿಲ್ಲ?

“ತುಂಬಾ ಸಿಂಪಲ್ಲು ಅಜ್ಜಿ. ಕಾಲೇಜಲ್ಲಿ ನಗ್ತಾರೆ.”

“ಅವ್ರು ಬಂದು ಹಿಟ್ಟು ತಗೊಂಡೋಗ್ತಾರಾ? ಎಲ್ಲಾ ಕೀಳು ಮೊದ್ಲು.”

ಕಿತ್ತಳು. ಆ ಸಿಂಪಲ್ಲಾದದ್ದನ್ನು ಹಾಕಿದಳು. ಈ ಸಲ ಪೇಜಿನಲ್ಲಿ ಮೆಣಸಿನಕಾಯಿಯನ್ನು ಕೊನೆಗೆ ತಳ್ಳಿದ್ದು ಮಂಜುಳ. ನನ್ನ ಮೊಬೈಲಿನಲ್ಲೂ ಅದು ಕೊನೆಗೇ ಹೋಯಿತು.

“ಈಗಾದ್ರೂ ನಂಬ್ತೀಯಾ ಅಜ್ಜಿ?”

ಮಾರನೇ ದಿನ ಬೆಳಿಗ್ಗೆ ಎದ್ದವಳೇ ಶ್ರುತಿಯ ಹೆಸರಿನಲ್ಲಿ ರಾಗಿ ಬುಕ್ ಮಾಡಿ, ಆ ಹಿಟ್ಟಿನಲ್ಲೇ ಮುದ್ದೆ ಕಟ್ಟಿ, ಮೊದಲು ಅವಳಿಗೇ ಬಡಿಸಿದೆ.